ಹಿಡಿ ಅಕ್ಕಿಯ ಋಣ

ವಿದ್ಯೆಯನ್ನು ಕೊಡುವುದು ದಾನವೋ ಮಾರಾಟವೋ ಎಂಬ ಪ್ರಶ್ನೆಯು ಇಂದು ನಿನ್ನೆ ಹುಟ್ಟಿದುದಲ್ಲ. ಅನ್ನದಾನವನ್ನು ಮನಸಾರೆ ಕೊಂಡಾಡಿದ ಹಿರಿಯರೇ ವಿದ್ಯಾದಾನವನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲಿರಿಸಿದರು. ಆದರೆ ಅದೇ ಹಿರಿಯರ ಕಾಲದಲ್ಲಿಯೂ ಗುರುದಕ್ಷಿಣೆಯೆಂಬುದೊಂದಿತ್ತು. ಅದನ್ನು ಸಲ್ಲಿಸದೆ ಶಿಷ್ಯನು ಗುರುಕುಲದಿಂದ ಹೊರಡುವಂತಿರಲಿಲ್ಲ. ಕೊಟ್ಟುದಕ್ಕೆ ಪ್ರತಿಯಾಗಿ ತೆಗೆದುಕೊಳ್ಳುವುದಾದರೆ ಅದು ದಾನವಾಗುವುದು ಹೇಗೆ? ದಾನವಲ್ಲವಾದರೆ ಅದನ್ನು ಪಡೆದವನಿಗೆ ಋಣವೆಂಬುದೇಕೆ? ಈ ಎರಡು ಪ್ರಶ್ನೆಗಳು ಒಂದೇ ನೊಗದ ಎರಡು ಎತ್ತುಗಳಂತೆ ಜೊತೆಯಾಗಿಯೇ ನಡೆಯತಕ್ಕವು. ಮಕ್ಕಳನ್ನು ದೂರದ ಖಾಸಗಿ ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಈ ಕಾಲದ ಸದ್ಗೃಹಸ್ಥರಿಗೆ ಇವು ಕೇವಲ ಶಾಸ್ತ್ರಚರ್ಚೆಯ ಮಾತುಗಳಲ್ಲ, ಮನೆಯ ಜಗಲಿಯ ಮೇಲೆ ನಿರ್ಣಯವಾಗಬೇಕಾದ ಮಾತುಗಳು.

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಅಂತಹ ಒಂದು ಜಗಲಿಯನ್ನು ವಾಚಕರು ಊಹಿಸಿಕೊಳ್ಳಬಹುದು. ತುಂಗಭದ್ರೆಯ ಅಣೆಕಟ್ಟಿನಿಂದ ೧೯೫೩ರಿಂದೀಚೆಗೆ ಕಾಲುವೆಯ ನೀರು ಹರಿದು ಆ ಸೀಮೆಯು ಬತ್ತದ ಸೀಮೆಯಾಯಿತು. ಅಲ್ಲಿಯ ಗೃಹಸ್ಥನು ಎಲ್ಲವನ್ನೂ ಅಕ್ಕಿಯ ಲೆಕ್ಕದಲ್ಲಿಯೇ ಅಳೆಯುತ್ತಾನೆ. ಮಗಳ ಓದಿನ ಖರ್ಚೂ ಅವನಿಗೆ ಇಷ್ಟು ರೂಪಾಯಿಯೆಂದು ತೋರುವುದಿಲ್ಲ, ಇಷ್ಟು ಚೀಲ ಬತ್ತವೆಂದೇ ತೋರುತ್ತದೆ. ಮಗಳು ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಓದಬೇಕೆನ್ನುತ್ತಾಳೆ. ಅದು ಕಥೋಲಿಕ ಪಾದ್ರಿಗಳ ಸಂಸ್ಥೆ, ಶುಲ್ಕವೂ ಅಲ್ಪವಲ್ಲ. ತಂದೆಯು ಒಪ್ಪುತ್ತಾನೆ, ಆದರೆ ಒಂದು ಮಾತನ್ನು ಸೇರಿಸುತ್ತಾನೆ: “ದುಡ್ಡು ಎಣಿಸಿ ಕೊಡುತ್ತೇವೆ, ವಿದ್ಯೆಯನ್ನು ಅಳೆದು ಕೊಡಲಿ. ಅವರ ಹಂಗು ನಮಗೆ ಬೇಡ.” ಒಳಗೆ ಅಕ್ಕಿಯನ್ನು ಹಸನು ಮಾಡುತ್ತಿರುವ ಅಜ್ಜಿಯು ತಲೆಯೆತ್ತಿ ಕೇಳುತ್ತಾಳೆ: “ದುಡ್ಡು ಕೊಟ್ಟಮಾತ್ರಕ್ಕೆ ಹಂಗು ಹೋಗುತ್ತದೆಯೇ?”

ತಂದೆಯ ಮಾತು ಒಂದು ಪಕ್ಷ, ಅಜ್ಜಿಯದು ಇನ್ನೊಂದು. ಇವೆರಡರಲ್ಲಿ ಯಾವುದು ನಿಲ್ಲತಕ್ಕುದೆಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ಶಾಸ್ತ್ರದ ಮಾತನ್ನು ನೋಡೋಣ. ಶ್ರಾದ್ಧದ ಪಂಕ್ತಿಗೆ ಯಾರು ಅರ್ಹರಲ್ಲವೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಪಟ್ಟಿ ಮಾಡುವಾಗ ಕೂಲಿ ಪಡೆದು ಪಾಠ ಹೇಳುವವನನ್ನು ಹೊರಗಿಡುತ್ತದೆ. ಕೂಲಿ ಕೊಟ್ಟು ಪಾಠ ಹೇಳಿಸಿಕೊಳ್ಳುವವನನ್ನೂ ಅವನ ಪಕ್ಕದಲ್ಲಿಯೇ ಕುಳ್ಳಿರಿಸುತ್ತದೆ. ಇದು ಗಮನಿಸತಕ್ಕ ಸಂಗತಿ. ವಿದ್ಯೆಯನ್ನು ಮಾರುವವನನ್ನು ಜರೆಯುವವರು ಅನೇಕರುಂಟು. ಕೊಳ್ಳುವವನನ್ನು ಜರೆಯುವವರು ವಿರಳ. ಸ್ಮೃತಿಕಾರನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದನು. ಕಾಳಿದಾಸನೂ ಮಾಳವಿಕಾಗ್ನಿಮಿತ್ರದಲ್ಲಿ, ಕೇವಲ ಹೊಟ್ಟೆಯ ಪಾಡಿಗಾಗಿ ವಿದ್ಯೆಯನ್ನಿಟ್ಟುಕೊಂಡವನು ಜ್ಞಾನವನ್ನು ಸರಕಾಗಿಸಿಕೊಂಡ ವರ್ತಕನೆಂಬ ಅಭಿಪ್ರಾಯವನ್ನು ಪಾತ್ರವೊಂದರ ಬಾಯಿಂದ ಆಡಿಸಿದನು.

ಅದೇ ಕವಿಯು ರಘುವಂಶದ ಐದನೆಯ ಸರ್ಗದಲ್ಲಿ ಇದರ ಮತ್ತೊಂದು ಮುಖವನ್ನು ತೋರಿದ್ದಾನೆ. ವರತಂತುವಿನ ಶಿಷ್ಯನಾದ ಕೌತ್ಸನು ವಿದ್ಯಾಭ್ಯಾಸವನ್ನು ಮುಗಿಸಿ ದಕ್ಷಿಣೆಯೇನೆಂದು ಕೇಳಿದಾಗ, ನಿನ್ನ ಸೇವೆಯೇ ಸಾಕೆಂದು ಗುರುವು ಹೇಳಿದನು. ಶಿಷ್ಯನು ಬಿಡದೆ ಪೀಡಿಸಲು, ಸಿಟ್ಟಿಗೆದ್ದ ಗುರುವು ಕಲಿತ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನನ್ನು ತರುವಂತೆ ಆಜ್ಞಾಪಿಸಿದನು. ಯಜ್ಞದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ಹಿಡಿದು ನಿಂತಿದ್ದ ರಘುಮಹಾರಾಜನ ಬಳಿಗೆ ಕೌತ್ಸನು ಬಂದನು. ಕುಬೇರನಿಂದ ಒದಗಿದ ಹೊನ್ನೆಲ್ಲವನ್ನೂ ಕೊಡುವೆನೆಂದು ರಾಜನು ಹಟ ಹಿಡಿದರೆ, ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನದನ್ನು ಮುಟ್ಟೆನೆಂದು ಶಿಷ್ಯನು ಹಟ ಹಿಡಿದನು. ಇಲ್ಲಿ ಹೊನ್ನು ಕೈಯಿಂದ ಕೈಗೆ ಹೋಯಿತು, ಲೆಕ್ಕವೂ ಆಯಿತು. ಆದರೂ ಇದನ್ನು ವ್ಯಾಪಾರವೆಂದು ಯಾರೂ ಹೇಳರು. ಆದಕಾರಣ, ಹಣವು ನಡುವೆ ಬಂದಮಾತ್ರಕ್ಕೆ ವಿದ್ಯೆಯು ವಿಕ್ರಯವಾಗುವುದಿಲ್ಲ. ಕೊಡುವವನೂ ತೆಗೆದುಕೊಳ್ಳುವವನೂ ಹಣವನ್ನು ಯಾವ ದೃಷ್ಟಿಯಿಂದ ನೋಡುವರೆಂಬುದರ ಮೇಲೆ ಅದು ನಿಂತಿದೆ.

ಕಥೋಲಿಕ ಸಂಪ್ರದಾಯವು ಈ ವಿಷಯದಲ್ಲಿ ನಮ್ಮ ಸಂಪ್ರದಾಯಕ್ಕೆ ದೂರವಾದುದಲ್ಲ. ಜ್ಞಾನವು ದೇವರ ಕೊಡುಗೆ, ಆದುದರಿಂದ ಮಾರತಕ್ಕುದಲ್ಲ ಎಂಬುದು ಮಧ್ಯಯುಗದ ಯೂರೋಪಿನ ಧರ್ಮಶಾಸ್ತ್ರಜ್ಞರ ಸಾಮಾನ್ಯ ನಿಲುವಾಗಿತ್ತು. ೧೧೭೯ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ನೆರೆದ ಮೂರನೆಯ ಧರ್ಮಸಭೆಯು, ಪ್ರತಿಯೊಂದು ಪ್ರಧಾನ ದೇವಾಲಯದಲ್ಲಿಯೂ ಒಬ್ಬ ಗುರುವಿಗೆ ಜೀವನವೃತ್ತಿಯನ್ನು ಕಲ್ಪಿಸಿ, ಅವನು ಬಡ ವಿದ್ಯಾರ್ಥಿಗಳಿಗೆ ಪ್ರತಿಫಲವಿಲ್ಲದೆ ಪಾಠ ಹೇಳಬೇಕೆಂದು ವಿಧಿಸಿತು. ೧೫೪೦ರಲ್ಲಿ ಸ್ಥಾಪಿತವಾದ ಯೇಸುಸಭೆಯವರು ತಮ್ಮ ಶಾಲೆಗಳಲ್ಲಿ ಶುಲ್ಕ ತೆಗೆದುಕೊಳ್ಳಬಾರದೆಂಬ ನಿಯಮವನ್ನು ಬಹುಕಾಲ ಪಾಲಿಸಿದರು. ದತ್ತಿಗಳಿಲ್ಲದ ಹೊಸ ನಾಡುಗಳಲ್ಲಿ ಆ ನಿಯಮವು ನಡೆಯದಾಗಲು, ೧೮೩೩ರಲ್ಲಿ ಅವರ ಮಹಾಧಿಪತಿಯು ಪೋಪ್ ಹದಿನಾರನೆಯ ಗ್ರೆಗರಿಯವರಿಂದ ವಿನಾಯಿತಿಯನ್ನು ಬೇಡಿ ಪಡೆಯಬೇಕಾಯಿತು. ಶುಲ್ಕವನ್ನು ತೆಗೆದುಕೊಳ್ಳುವುದಕ್ಕೆ ಅಪ್ಪಣೆ ಬೇಡಿದ ಆ ಸಂಕೋಚವು ಸ್ಮರಿಸತಕ್ಕುದು. ಆ ಬಳಿಕ ಅದೇ ಸಭೆಯವರು ೧೮೮೦ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಫ್ರೆಂಚ್ ಪಾದ್ರಿಗಳು ೧೮೮೨ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜೋಸೆಫರ ಕಾಲೇಜನ್ನು ೧೯೩೭ರಲ್ಲಿ ವಹಿಸಿಕೊಂಡರು. ಸಂತ ಜೋಸೆಫರ ಕಾಲೇಜು ೨೦೨೨ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲೋಶಿಯಸ್ ೨೦೨೪ರಲ್ಲಿ ವಿಶ್ವವಿದ್ಯಾಲಯವೆಂದು ಪರಿಗಣಿತವಾಯಿತು.

ಇಷ್ಟನ್ನು ಕೇಳಿದವರು, ಹಿಂದಿನ ಕಾಲವೇ ಲೇಸು, ಆಗ ವಿದ್ಯೆಯು ಧರ್ಮಾರ್ಥವಾಗಿತ್ತು, ಈಗ ಅಂಗಡಿಗೆ ಬಂದಿತು ಎಂದು ನಿಟ್ಟುಸಿರು ಬಿಡಬಹುದು. ಈ ನಿಟ್ಟುಸಿರನ್ನು ಸ್ವಲ್ಪ ತಡೆದು ನೋಡುವುದು ಯುಕ್ತ. ಬಳ್ಳಿಗಾವಿಯ ಕೋಡಿಮಠವನ್ನು ವರ್ಣಿಸುವ ೧೧೬೨ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವು ನಡೆಯುತ್ತಿತ್ತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ ಹೇಳುತ್ತದೆ. ಕನ್ನಡನಾಡು ಹೆಮ್ಮೆಪಡತಕ್ಕ ಸಂಗತಿಯಿದು. ಆದರೆ ಅಂತಹ ಮಠ, ಅಗ್ರಹಾರ, ಘಟಿಕಾಸ್ಥಾನಗಳ ಬೆನ್ನಿಗೆ ದತ್ತಿಯ ಭೂಮಿಯಿತ್ತು. ಭೂಮಿಯು ತಾನಾಗಿಯೇ ಅಕ್ಕಿಯನ್ನು ಅಳೆದು ಕೊಡುವುದಿಲ್ಲ. ಅದನ್ನು ಉತ್ತು, ಬಿತ್ತಿ, ಒಕ್ಕಿ, ಹೊತ್ತು ತಂದವನೊಬ್ಬನಿದ್ದನು. ವಿದ್ಯಾರ್ಥಿಗೆ ವಿದ್ಯೆಯು ಧರ್ಮಾರ್ಥವಾಗಿ ದೊರಕಿದುದು ಅವನ ಬೆವರಿನಿಂದ. ಅವನ ಮಗನಿಗೆ ಮಾತ್ರ ಆ ಪಾಠಶಾಲೆಯ ಹೊಸ್ತಿಲನ್ನು ತುಳಿಯುವ ಅಧಿಕಾರವಿರಲಿಲ್ಲ. ಹಾಗಾದರೆ ಆ ವಿದ್ಯೆಯನ್ನು ಯಾರು ದಾನ ಮಾಡಿದಂತಾಯಿತು? ಶಾಸನದಲ್ಲಿ ರಾಜನ ಹೆಸರಿದೆ, ಆಚಾರ್ಯನ ಹೆಸರಿದೆ, ಒಕ್ಕಲಿನವನ ಹೆಸರಿಲ್ಲ.

ವಾರಾನ್ನದ ವಿಷಯವನ್ನೂ ಹೀಗೆಯೇ ನೋಡಬೇಕು. ವಾರಕ್ಕೆ ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರ ಸ್ಮರಣೆಯು ಅನೇಕ ಕುಟುಂಬಗಳಲ್ಲಿ ಇನ್ನೂ ಹಸಿಯಾಗಿದೆ. ಉಣಿಸಿದ ತಾಯಂದಿರ ಔದಾರ್ಯಕ್ಕೆ ಎಷ್ಟು ಕೈಮುಗಿದರೂ ಸಾಲದು. ಆದರೆ ಆ ಎಲೆಯನ್ನು ಹಾಕುವಾಗ ಹುಡುಗನ ಹಸಿವೆಗಿಂತ ಮೊದಲು ಅವನ ಜಾತಿಯನ್ನು ವಿಚಾರಿಸುತ್ತಿದ್ದರೆಂಬುದು ಸುಳ್ಳಲ್ಲ. ಇಂದು ಕರೂರಿನ ಬತ್ತದ ಗದ್ದೆಯವನ ಮಗಳು ತನ್ನ ತಂದೆಯ ಬೆಳೆಯ ಹಣವನ್ನು ಕೊಟ್ಟು, ಯಾರ ಅಪ್ಪಣೆಯನ್ನೂ ಬೇಡದೆ, ದೊಡ್ಡ ವಿದ್ಯಾಲಯದ ಬಾಗಿಲನ್ನು ಪ್ರವೇಶಿಸುತ್ತಾಳೆ. ಶುಲ್ಕವೆಂಬುದು ಬಾಗಿಲಿಗೆ ಹಾಕಿದ ಬೀಗವೆಂಬುದು ನಿಜ. ಆದರೆ ಜಾತಿಯ ಬೀಗಕ್ಕೆ ಬೀಗದ ಕೈಯೇ ಇರಲಿಲ್ಲ, ಇದಕ್ಕೆ ಒಂದಾದರೂ ಉಂಟು. ಆದಕಾರಣ ಹಿಂದಿನದೆಲ್ಲವೂ ದಾನ, ಇಂದಿನದೆಲ್ಲವೂ ವ್ಯಾಪಾರ ಎಂಬ ವಾದವು ನಿಲ್ಲುವುದಿಲ್ಲ. ಆದರೂ ಪ್ರಶ್ನೆಯು ಪರಿಹಾರವಾಗಲಿಲ್ಲ. ಏಕೆಂದರೆ ಅದೇ ಕರೂರಿನಲ್ಲಿ ಅದೇ ಗದ್ದೆಯಲ್ಲಿ ನಾಟಿ ಹಾಕುವ ಕೂಲಿಯವಳ ಮಗನು ಗೃಹಸ್ಥನ ಮಗಳಷ್ಟೇ ಅಂಕಗಳನ್ನು ಪಡೆದಿರಬಹುದು. ಅವನ ಕೈಯಲ್ಲಿ ಆ ಬೀಗದ ಕೈಯಿಲ್ಲ.

ಇಲ್ಲಿಗೆ ಬಂದಾಗ, ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ನಡೆಸುವ ಸಂನ್ಯಾಸಿಗಳ ಸಭೆಯ ಮೂಲಕಥೆಯನ್ನು ಹೇಳುವುದು ಅವಶ್ಯ. ನಿರ್ಮಲ ಮರಿಯಳ ಕಾರ್ಮೆಲ್ ಸಭೆಯೆಂಬ ಆ ಸಂಘವು ೧೮೩೧ರಲ್ಲಿ ಕೇರಳದ ಮಾನ್ನಾನದಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರು ಕುರಿಯಾಕೋಸ್ ಏಲಿಯಾಸ್ ಚಾವರ ಪಾದ್ರಿಗಳು. ೧೮೦೫ರಲ್ಲಿ ಹುಟ್ಟಿ ೧೮೭೧ರಲ್ಲಿ ತೀರಿಕೊಂಡ ಅವರನ್ನು ೨೦೧೪ರಲ್ಲಿ ರೋಮಿನಲ್ಲಿ ಸಂತರೆಂದು ಘೋಷಿಸಲಾಯಿತು. ಈ ಪಾದ್ರಿಗಳು ೧೮೪೬ರಲ್ಲಿ ಮಾನ್ನಾನದಲ್ಲಿ ತೆರೆದುದು ಒಂದು ಸಂಸ್ಕೃತ ಪಾಠಶಾಲೆಯನ್ನು. ಪಾಠ ಹೇಳಲು ತ್ರಿಶ್ಶೂರಿನ ಕಡೆಯಿಂದ ವಾರಿಯರ್ ಕುಲದ ಪಂಡಿತರೊಬ್ಬರನ್ನು ಕರೆಸಿದರು. ಕ್ರೈಸ್ತ ಸಂನ್ಯಾಸಿಯು ಹಿಂದೂ ಪಂಡಿತನನ್ನು ಪೀಠದ ಮೇಲೆ ಕುಳ್ಳಿರಿಸಿ, ಪಾಣಿನಿಯ ಭಾಷೆಯನ್ನು ಅದರಿಂದ ದೂರವಿಡಲ್ಪಟ್ಟವರ ಮಕ್ಕಳಿಗೂ ತೆರೆದನು. ಸಂಸ್ಕೃತದ ಮೇಲೆ ಅಭಿಮಾನವುಳ್ಳವರು ಈ ಸಂಗತಿಯನ್ನು ಸಂತೋಷದಿಂದಲೂ, ಒಂದಿಷ್ಟು ಲಜ್ಜೆಯಿಂದಲೂ ನೆನೆಯತಕ್ಕುದು.

ಚಾವರ ಪಾದ್ರಿಗಳು ೧೮೬೧ರಲ್ಲಿ ತಮ್ಮ ಪಂಗಡದ ಮಹಾಪ್ರತಿನಿಧಿಯ ಅಧಿಕಾರಕ್ಕೆ ಬಂದ ಬಳಿಕ, ಇಗರ್ಜಿಯಿರುವೆಡೆಯಲ್ಲೆಲ್ಲ ಶಾಲೆಯೊಂದಿರಬೇಕೆಂದು ಕಟ್ಟುಮಾಡಿದರು. ಶಾಲೆಯನ್ನು ತೆರೆದರೂ ಬಡಮಕ್ಕಳು ಬರಲಿಲ್ಲ; ಹಸಿದವನಿಗೆ ಅಕ್ಷರವು ಕಣ್ಣಿಗೆ ಹತ್ತುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ಉಪಾಯವು ‘ಪಿಡಿಯರಿ’. ಕನ್ನಡದಲ್ಲಿ ಹೇಳುವುದಾದರೆ ಹಿಡಿ ಅಕ್ಕಿ. ಮನೆಯಾಕೆಯು ಅಡಿಗೆಗೆ ಅಕ್ಕಿಯನ್ನು ಅಳೆದುಕೊಳ್ಳುವಾಗ ಅದರಿಂದ ಒಂದು ಹಿಡಿಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಡಬೇಕು. ಕೂಡಿದುದನ್ನು ಸಂಗ್ರಹಿಸಿ ಶಾಲೆಯ ಬಡಮಕ್ಕಳಿಗೆ ಮಧ್ಯಾಹ್ನದ ಊಟವನ್ನಿಕ್ಕಬೇಕು. ಇದರಲ್ಲಿ ರಾಜನ ದತ್ತಿಯಿಲ್ಲ, ಶಾಸನವಿಲ್ಲ, ಹೆಸರಿಲ್ಲ. ಕನ್ನಡನಾಡಿನಲ್ಲಿಯೂ ಮುಷ್ಟಿಧಾನ್ಯವನ್ನು ಕೂಡಿಸಿ ವಿದ್ಯಾರ್ಥಿನಿಲಯಗಳನ್ನು ನಡೆಸಿದ ಮಠಗಳ ಉದಾಹರಣೆಗಳು ವಾಚಕರಿಗೆ ಗೊತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನವೂ ಅಕ್ಷರವೂ ದೊರೆಯುತ್ತಿರುವುದನ್ನು ಕಂಡವರೂ ಅನೇಕರು.

ಈ ಹಿಡಿ ಅಕ್ಕಿಯಲ್ಲಿ ಒಂದು ಸೂಕ್ಷ್ಮವುಂಟು. ಉಂಡು ಮಿಕ್ಕುದನ್ನು ಕೊಡುವುದು ಒಂದು ಬಗೆಯ ದಾನ, ಅದು ನಿಂದ್ಯವಲ್ಲ. ಆದರೆ ಹಿಡಿ ಅಕ್ಕಿಯು ಮಿಕ್ಕುದಲ್ಲ, ಮೊದಲಿನದು. ಗಡಿಗೆಯು ಒಲೆಯ ಮೇಲೇರುವುದಕ್ಕೆ ಮುನ್ನವೇ ಇನ್ನೊಬ್ಬನ ಪಾಲು ಬೇರೆಯಾಗುತ್ತದೆ. ಕೊಡುವ ಮನೆಯು ಅದರಿಂದ ಹಸಿಯುವುದಿಲ್ಲ. ಆದರೆ ತನ್ನ ಅಕ್ಕಿಯಲ್ಲಿ ಪರರ ಮಗುವಿನ ಪಾಲಿದೆಯೆಂಬುದನ್ನು ದಿನಕ್ಕೊಮ್ಮೆ ಕೈಯಾರೆ ನೆನೆಯುತ್ತದೆ.

ಇನ್ನು ಹೊಸೂರು ರಸ್ತೆಗೆ ಬರೋಣ. ಆ ಸಭೆಯವರು ೧೯೫೭ರಲ್ಲಿ ತಮ್ಮ ಪಾದ್ರಿಗಳ ಅಧ್ಯಯನಮಂದಿರವನ್ನು ಬೆಂಗಳೂರಿಗೆ ತಂದು ಅದಕ್ಕೆ ಧರ್ಮಾರಾಮವೆಂಬ ಸಂಸ್ಕೃತದ ಹೆಸರನ್ನಿಟ್ಟರು. ಧರ್ಮವೆಂಬ ಉದ್ಯಾನ ಎಂಬುದು ಅದರ ಅರ್ಥ. ಅದರ ಪಕ್ಕದಲ್ಲಿ ೧೯೬೯ರಲ್ಲಿ ಕ್ರೈಸ್ಟ್ ಕಾಲೇಜು ಆರಂಭವಾಯಿತು; ೨೦೦೮ರಲ್ಲಿ ಅದು ವಿಶ್ವವಿದ್ಯಾಲಯವೆಂದು ಪರಿಗಣಿತವಾಯಿತು. ಇಂದು ಬೆಂಗಳೂರಿನ ಬೇರೆ ಬೇರೆ ಕಡೆಗಳಲ್ಲಿಯೂ, ಹೊರರಾಜ್ಯಗಳಲ್ಲಿಯೂ ಅದರ ಆವರಣಗಳಿವೆ. ಮೊದಲ ಸಲ ಒಳಹೊಕ್ಕವರ ಕಣ್ಣಿಗೆ ಬೀಳುವುದು ಮರಗಳ ನೆರಳು, ಕಸವಿಲ್ಲದ ಹಾದಿ, ಕೊರಳಲ್ಲಿ ಗುರುತಿನ ಚೀಟಿಯನ್ನು ಧರಿಸಿ ಗಡಿಯಾರಕ್ಕೆ ತಕ್ಕಂತೆ ನಡೆಯುವ ತರುಣತರುಣಿಯರು. ಬಳಸಿದ ಕಾಗದವನ್ನು ಅಲ್ಲಿಯೇ ಮತ್ತೆ ಕಾಗದವಾಗಿಸುವ ಏರ್ಪಾಡಿದೆ. ಉಡುಪಿಗೆ ನಿಯಮವಿದೆ, ನೂರಕ್ಕೆ ೮೫ರಷ್ಟು ಹಾಜರಿಯಿರಬೇಕೆಂಬ ಕಟ್ಟಳೆಯು ವಿದ್ಯಾರ್ಥಿಗಳ ಬಾಯಲ್ಲಿ ಗಾದೆಯಂತಾಗಿದೆ. ನಿಯಮವು ಹೆಚ್ಚಾಯಿತೆಂದು ಗೊಣಗುವವರೂ, ಅದನ್ನು ನೋಡಿಯೇ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳೂ ಉಂಟು. ದೇಶದ ನಾನಾ ರಾಜ್ಯಗಳ, ನಾನಾ ಮತಗಳ ಮಕ್ಕಳು ಒಂದೇ ಊಟದ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ವಾರಾನ್ನದ ಎಲೆಯ ಮುಂದೆ ಕೇಳುತ್ತಿದ್ದ ಪ್ರಶ್ನೆಯನ್ನು ಆ ಮೇಜಿನ ಮುಂದೆ ಯಾರೂ ಕೇಳುವುದಿಲ್ಲ.

ಇಂತಹ ಆವರಣದಲ್ಲಿ ಕನ್ನಡಕ್ಕೆ ಎಡೆಯುಂಟೇ ಎಂದು ಯಾರಿಗಾದರೂ ಸಂಶಯ ಬರಬಹುದು. ಇದಕ್ಕೆ ಉತ್ತರವು ಒಬ್ಬ ಅಧ್ಯಾಪಕರ ಬಾಳಿನಲ್ಲಿದೆ. ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾಗಿದ್ದ ಚಿ. ಶ್ರೀನಿವಾಸರಾಜು ಅವರು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಅಲ್ಲಿ ಕನ್ನಡ ಸಂಘವನ್ನು ಕಟ್ಟಿ ಬೆಳೆಸಿದರು. ಬೇಂದ್ರೆಯವರ ಸ್ಮರಣೆಯಲ್ಲಿ ನಾಡಿನ ವಿದ್ಯಾರ್ಥಿಗಳಿಗಾಗಿ ಕಾವ್ಯಸ್ಪರ್ಧೆಯು ಏರ್ಪಟ್ಟಿತು. ತಮ್ಮ ಕಾಲೇಜಿನವರಲ್ಲದ ಹುಡುಗರ ಪದ್ಯಗಳನ್ನೂ ಸಂಘವು ಅಚ್ಚುಹಾಕಿಸಿತು. ಎಷ್ಟೋ ಬರಹಗಾರರ ಮೊದಲ ಪುಸ್ತಕಗಳು ಅಲ್ಲಿಂದ ಹೊರಬಂದುವು. ಆ ಅಧ್ಯಾಪಕರಿಗೆ ವೇತನವು ದೊರೆಯುತ್ತಿದ್ದುದು ಪಾಠಕ್ಕೆ. ಗಂಟೆ ಬಾರಿಸಿದ ಮೇಲೆ, ದೂರದ ಊರಿನ ಯಾವನೋ ಹುಡುಗನ ತಪ್ಪೊಪ್ಪಿನ ಪದ್ಯವನ್ನು ಮುಂದಿಟ್ಟುಕೊಂಡು ಕುಳಿತ ಸಂಜೆಗಳಿಗೆ ಯಾವ ಶುಲ್ಕದಲ್ಲಿಯೂ ಬಾಬ್ತು ಇರಲಿಲ್ಲ. ೨೦೦೭ರಲ್ಲಿ ಅವರು ತೀರಿಕೊಂಡಾಗ ಅವರ ಶಿಷ್ಯರೆಂದು ಹೇಳಿಕೊಂಡವರಲ್ಲಿ ಆ ಕಾಲೇಜಿಗೆ ಒಂದು ಕಾಸನ್ನೂ ಕಟ್ಟದವರು ಅನೇಕರಿದ್ದರು. ಪಾದ್ರಿಗಳ ಸಂಸ್ಥೆಯು ಎಡೆಯನ್ನು ಕೊಟ್ಟಿತು, ಕನ್ನಡದ ಅಧ್ಯಾಪಕನು ಹಿಡಿ ಅಕ್ಕಿಯನ್ನು ತೆಗೆದಿಟ್ಟನು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಅನ್ಯಮತದವರು ವಿದ್ಯೆಯನ್ನು ಕೊಡುವಾಗ ಅದರ ಹಿಂದೆ ಗಾಳವಿರಬಹುದಲ್ಲವೇ ಎಂದು ಕೆಲವರು ಶಂಕಿಸುತ್ತಾರೆ. ಗಾಳದ ತುದಿಯ ಹುಳುವು ಮೀನಿಗೆ ದಾನವಲ್ಲವೆಂಬುದು ನಿರ್ವಿವಾದ. ಮತಾಂತರವನ್ನು ಬೆಲೆಯಾಗಿ ಕೇಳುವ ವಿದ್ಯೆಯು ಹಣವನ್ನು ಕೇಳುವ ವಿದ್ಯೆಗಿಂತ ಕೆಟ್ಟ ವ್ಯಾಪಾರ. ಆದರೆ ಕಥೋಲಿಕ ಸಂಪ್ರದಾಯವೇ ಈ ಮಾತನ್ನು ಒಪ್ಪಿಕೊಂಡಿದೆ. ಪೋಪ್ ಎರಡನೆಯ ಜಾನ್ ಪಾಲರು ೧೯೯೦ರಲ್ಲಿ ಕಥೋಲಿಕ ವಿಶ್ವವಿದ್ಯಾಲಯಗಳಿಗಾಗಿ ಹೊರಡಿಸಿದ ಶಾಸನಪತ್ರವು, ಅಲ್ಲಿ ಓದುವ ಪ್ರತಿಯೊಬ್ಬನ ಅಂತಃಕರಣದ ಸ್ವಾತಂತ್ರ್ಯವನ್ನೂ ಪೂರ್ಣವಾಗಿ ಗೌರವಿಸಬೇಕೆಂದು ವಿಧಿಸುತ್ತದೆ. ಅದೇ ಪತ್ರವು, ಉನ್ನತ ವಿದ್ಯೆಯು ಅದರಿಂದ ವಂಚಿತರಾದ ಬಡವರಿಗೆ ವಿಶೇಷವಾಗಿ ಎಟಕುವಂತೆ ನೋಡಿಕೊಳ್ಳುವುದನ್ನೂ ಆ ವಿಶ್ವವಿದ್ಯಾಲಯಗಳ ಕರ್ತವ್ಯವೆಂದು ಎಣಿಸುತ್ತದೆ. ಆದಕಾರಣ ಇಂತಹ ಸಂಸ್ಥೆಯನ್ನು ಪರೀಕ್ಷಿಸಬೇಕೆನ್ನುವವರು ಮೊದಲನೆಯ ವಿಧಿಯ ವಿಷಯದಲ್ಲಿ ಎಷ್ಟು ಎಚ್ಚರವಾಗಿರುವರೋ ಎರಡನೆಯದರ ವಿಷಯದಲ್ಲಿಯೂ ಅಷ್ಟೇ ಎಚ್ಚರವಾಗಿರಬೇಕು. ನಮ್ಮ ಮಕ್ಕಳ ಮತವನ್ನು ಕಾಯುವುದರಲ್ಲಿ ಇರುವ ಉತ್ಸಾಹವು ನೆರೆಯ ಬಡವನ ಮಗನ ಪ್ರವೇಶವನ್ನು ಕೇಳುವುದರಲ್ಲಿ ಇಲ್ಲವಾದರೆ, ಆ ಎಚ್ಚರವು ಧರ್ಮದ ಎಚ್ಚರವಲ್ಲ.

ರಾಜಶಾಸನವು ಈ ವಿಷಯದಲ್ಲಿ ಏನು ಹೇಳುತ್ತದೆ? ಪ್ರವೇಶಕ್ಕಾಗಿ ವಂತಿಗೆಯನ್ನು ವಸೂಲು ಮಾಡಬಾರದೆಂದು ಕರ್ನಾಟಕವು ೧೯೮೪ರಲ್ಲಿಯೇ ಕಾನೂನು ಮಾಡಿತು. ಕರ್ನಾಟಕದಿಂದಲೇ ಹೋದ ಟಿ. ಎಂ. ಎ. ಪೈ ಪ್ರತಿಷ್ಠಾನದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ೧೧ ಮಂದಿ ನ್ಯಾಯಮೂರ್ತಿಗಳ ಪೀಠವು ೨೦೦೨ರ ಅಕ್ಟೋಬರ್ ೩೧ರಂದು ತೀರ್ಪು ಕೊಟ್ಟಿತು. ಅನುದಾನವಿಲ್ಲದ ಖಾಸಗಿ ಸಂಸ್ಥೆಯು ತನ್ನ ಶುಲ್ಕವನ್ನು ಗೊತ್ತುಮಾಡಿಕೊಳ್ಳಬಹುದು, ಸಂಸ್ಥೆಯ ಬೆಳವಣಿಗೆಗಾಗಿ ಮಿತವಾದ ಮಿಗತೆಯನ್ನೂ ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನವು ಕೂಡದು ಎಂಬುದು ಅದರ ಸಾರ. ಇದು ನ್ಯಾಯವಾದ ಮಾತೇ. ಆದರೆ ಕಾನೂನಿಗೆ ಒಂದು ಎಲ್ಲೆಯುಂಟು. ಅದು ಮಿಗತೆಯ ಲೆಕ್ಕವನ್ನು ಕೇಳಬಲ್ಲದು. ಗಡಿಗೆಯು ಒಲೆಗೇರುವ ಮೊದಲು ತೆಗೆದಿಟ್ಟ ಹಿಡಿಯನ್ನು ಅದು ಬಲವಂತದಿಂದ ತೆಗೆಸಲಾರದು. ತೆಗೆಸಿದರೆ ಅದು ಕಂದಾಯವಾಗುತ್ತದೆ, ದಾನವಾಗುವುದಿಲ್ಲ. ವಿದ್ಯಾವಿಕ್ರಯವನ್ನು ತಡೆಯುವುದು ಸರ್ಕಾರದ ಕೆಲಸವಾದರೆ, ವಿದ್ಯಾದಾನವನ್ನು ಉಳಿಸುವುದು ವಿದ್ಯಾವಂತರ ಕೆಲಸ.

ಈಗ ಸಿದ್ಧಾಂತವನ್ನು ಹೇಳಬಹುದು. ವಿದ್ಯಾಲಯದಿಂದ ವಿದ್ಯಾರ್ಥಿಯು ಪಡೆಯುವುದು ಒಂದಲ್ಲ, ಮೂರು. ಮೊದಲನೆಯದು ಕಟ್ಟಡ, ಗ್ರಂಥ, ಪ್ರಯೋಗಶಾಲೆ, ಅಧ್ಯಾಪಕರ ವೇತನ. ಇವಕ್ಕೆ ಬೆಲೆಯುಂಟು, ಶುಲ್ಕವು ಈ ಬೆಲೆಯನ್ನು ತೀರಿಸುತ್ತದೆ. ಇಷ್ಟರ ಮಟ್ಟಿಗೆ ಕರೂರಿನ ತಂದೆಯ ಮಾತು ಸತ್ಯ, ಸಂಸ್ಥೆಯು ಇಷ್ಟರ ಮಟ್ಟಿಗೆ ತನ್ನನ್ನು ದಾನಿಯೆಂದು ಕರೆದುಕೊಳ್ಳುವಂತಿಲ್ಲ. ಎರಡನೆಯದು ವಿದ್ಯೆಯೇ. ಗಣಿತವನ್ನಾಗಲಿ ವ್ಯಾಕರಣವನ್ನಾಗಲಿ ಆ ವಿದ್ಯಾಲಯವು ಸೃಷ್ಟಿಸಲಿಲ್ಲ. ಹೆಸರು ಗೊತ್ತಿಲ್ಲದ ನೂರು ತಲೆಮಾರುಗಳು ಅದನ್ನು ಕೂಡಿಸಿಟ್ಟುವು. ಇದಕ್ಕೆ ಬೆಲೆ ಕಟ್ಟಿದವರಿಲ್ಲ, ಆದುದರಿಂದ ಕೊಂಡವರೂ ಇಲ್ಲ. ಮೂರನೆಯದು ಗಂಟೆ ಬಾರಿಸಿದ ಮೇಲೆಯೂ ಮುಗಿಯದ ಗುರುವಿನ ಅಕ್ಕರೆ. ಇದು ಬೆಲೆಯಿಲ್ಲದುದು ಮಾತ್ರವಲ್ಲ, ಬೆಲೆ ಕಟ್ಟಿದೊಡನೆ ಇಲ್ಲವಾಗತಕ್ಕುದು.

ಎರಡನೆಯದೂ ಮೂರನೆಯದೂ ಋಣವಾಗಿಯೇ ಉಳಿಯುತ್ತವೆ. ಇಷ್ಟರ ಮಟ್ಟಿಗೆ ಅಜ್ಜಿಯ ಮಾತು ಸತ್ಯ. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ, ಪಿತೃಗಳಿಗೂ, ಋಷಿಗಳಿಗೂ ಸಾಲಗಾರನೆಂದು ಶ್ರುತಿಯು ಹೇಳುವುದು ಸುಪ್ರಸಿದ್ಧ. ಋಷಿಋಣದ ವಿಚಿತ್ರವೇನೆಂದರೆ, ಅದನ್ನು ಕೊಟ್ಟವರಿಗೆ ಮರಳಿಸುವುದು ಸಾಧ್ಯವಿಲ್ಲ. ಕೊಟ್ಟವರು ಎಂದೋ ಹೋದರು. ಅದನ್ನು ಮುಂದೆ ಬರುವವರಿಗೆ ಸಲ್ಲಿಸಬೇಕು. ಕಥೋಲಿಕ ಸಂಸ್ಥೆಯಲ್ಲಿ ಓದಿದ ಹಿಂದೂ ಹುಡುಗಿಯು ಆ ಸಂಸ್ಥೆಗೆ ತನ್ನ ಮತವನ್ನು ತೆರಬೇಕಾಗಿಲ್ಲ, ಹೊಗಳಿಕೆಯನ್ನೂ ತೆರಬೇಕಾಗಿಲ್ಲ. ಅವಳ ಋಣವು ಹೊಸೂರು ರಸ್ತೆಯ ಕಡೆಗೆ ಅಲ್ಲ, ಕರೂರಿನ ಕಡೆಗೆ. ಹಾಗೆಯೇ ಸಂಸ್ಥೆಯ ಋಣವೂ ಶುಲ್ಕ ಕಟ್ಟಿದವರ ಕಡೆಗೆ ತೀರಿದ ಮೇಲೆ ಕಟ್ಟಲಾರದವರ ಕಡೆಗೆ ಉಳಿದಿರುತ್ತದೆ. ಮಾನ್ನಾನದ ಮನೆಯಾಕೆಯರು ಅಂದು ತೆಗೆದಿಟ್ಟ ಅಕ್ಕಿಯನ್ನು ಉಂಡ ಮಕ್ಕಳು ಈಗ ಇಲ್ಲ. ಆ ಅಕ್ಕಿಯ ಸಾಲವು ಮಾತ್ರ ಅವರ ಹೆಸರಿನಿಂದ ಬೆಳೆದ ಎಲ್ಲ ವಿದ್ಯಾಲಯಗಳ ಮೇಲೆಯೂ ಇದೆ.

ಉತ್ತಮ ವಿದ್ಯೆಗೆ ಉತ್ತಮ ಸಾಧನಗಳು ಬೇಕು, ಅವಕ್ಕೆ ಹಣ ಬೇಕು, ಎಲ್ಲರಿಗೂ ಉಚಿತವಾಗಿ ಕೊಡಹೊರಟರೆ ಯಾರಿಗೂ ಕೊಡಲಾಗದು ಎಂದು ವ್ಯವಹಾರಕುಶಲರು ಹೇಳುವರು. ಮಾತು ನಿಜ. ಆದರೆ ಹಿಡಿ ಅಕ್ಕಿಯ ಧರ್ಮವು ಗಡಿಗೆಯನ್ನೇ ಎತ್ತಿಕೊಡೆಂದು ಹೇಳಲಿಲ್ಲ. ಮೊದಲ ಹಿಡಿಯನ್ನು ತೆಗೆದಿಡೆಂದು ಹೇಳಿತು. ಸಂಸ್ಥೆಯ ವರ್ಷದ ಆಯವ್ಯಯವನ್ನು ಬರೆಯುವಾಗ, ಕಟ್ಟಡಗಳ ಬಾಬ್ತು ಮುಗಿದ ಮೇಲೆ ಉಳಿದುದರಲ್ಲಿ ಬಡ ವಿದ್ಯಾರ್ಥಿಯ ಹೆಸರು ಬರುವುದೋ, ಎಲ್ಲಕ್ಕಿಂತ ಮೊದಲು ಬರುವುದೋ ಎಂಬುದೇ ಪರೀಕ್ಷೆ. ಮೊತ್ತವು ಸಣ್ಣದಾಗಿದ್ದರೂ ಸ್ಥಾನವು ಮೊದಲಿನದಾದರೆ ಆ ವಿದ್ಯಾಲಯವು ಇನ್ನೂ ಗುರುಕುಲವೇ. ಮೊತ್ತವು ದೊಡ್ಡದಾಗಿದ್ದರೂ ಸ್ಥಾನವು ಕಡೆಯದಾದರೆ ಅದು ದಾನಶೂರನಾದ ವರ್ತಕನ ಅಂಗಡಿ. ಈ ಪರೀಕ್ಷೆಯು ಕಥೋಲಿಕರಿಗೆ ಮಾತ್ರ ಸಲ್ಲತಕ್ಕುದಲ್ಲ. ಮಠಗಳ, ಟ್ರಸ್ಟುಗಳ ಹೆಸರಿನಲ್ಲಿ ನಡೆಯುವ ನಾಡಿನ ಎಲ್ಲ ಖಾಸಗಿ ವಿದ್ಯಾಲಯಗಳಿಗೂ ಸಲ್ಲತಕ್ಕುದು.

ಗೃಹಸ್ಥನೂ ಈ ಪರೀಕ್ಷೆಯಿಂದ ಹೊರಗಲ್ಲ. ೨೦೨೪ರ ಆಗಸ್ಟಿನಲ್ಲಿ ತುಂಗಭದ್ರೆಯ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋಗಿ ನೀರು ಹರಿದಾಗ, ಆ ಕಾಲುವೆಗಳನ್ನು ನಂಬಿದ ಊರುಗಳಲ್ಲೆಲ್ಲ ಗದ್ದೆಯ ಒಡೆಯನೂ ನಾಟಿ ಹಾಕುವ ಕೂಲಿಯವಳೂ ಒಂದೇ ಭಯದಿಂದ ನದಿಯ ಕಡೆಗೆ ನೋಡಿದರು. ನೀರಿನ ವಿಷಯದಲ್ಲಿ ಒಂದಾಗಿರುವವರು ವಿದ್ಯೆಯ ವಿಷಯದಲ್ಲಿ ಬೇರೆಯಾಗುವುದು ಏಕೆ? ಮಗಳ ಶುಲ್ಕಕ್ಕೆಂದು ಬತ್ತವನ್ನು ಅಳೆಯುವಾಗ, ಕೂಲಿಯವಳ ಮಗನ ಪುಸ್ತಕಕ್ಕೆಂದು ಒಂದು ಹಿಡಿಯನ್ನು ಮೊದಲೇ ತೆಗೆದಿಡುವುದರಿಂದ ಮಗಳ ಓದು ನಿಲ್ಲುವುದಿಲ್ಲ. ತಂದೆಯು ಬೇಡವೆಂದ ಹಂಗು ಅವನ ತಲೆಯ ಮೇಲೆ ಆಗಲೇ ಇದೆ. ಅವನ ಬತ್ತವನ್ನು ನೆಟ್ಟ ಕೈಗಳು ಬೇರೆಯವರವು. ಅವರ ಮಕ್ಕಳು ಇನ್ನೂ ಹೊಸ್ತಿಲಿನ ಹೊರಗೆ ನಿಂತಿದ್ದಾರೆ.

ಮಗಳು ಬೆಂಗಳೂರಿಗೆ ಹೋಗಲಿ, ಚೆನ್ನಾಗಿ ಓದಲಿ. ರಜೆಗೆ ಊರಿಗೆ ಬಂದಾಗ ಅಜ್ಜಿಯ ಅಕ್ಕಿಯ ಮರದ ಬಳಿ ಆ ಹುಡುಗನನ್ನು ಕುಳ್ಳಿರಿಸಿಕೊಂಡು ತಾನು ಕಲಿತುದನ್ನು ಅವನಿಗೆ ಹೇಳಿಕೊಡಲಿ. ಅದಕ್ಕೆ ಅವಳು ಶುಲ್ಕವನ್ನು ಕೇಳಲಾರಳು, ಅವನು ಕೊಡಲಾರನು. ಅಲ್ಲಿಂದ ವಿದ್ಯೆಯು ಮತ್ತೆ ದಾನವ���ಗುತ್ತದೆ.